ನಮ್ಮ ಮನೆಯ ರಾಹುಕಾಲದ ಬೋರ್ಡು

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಂಡು, ಆನೆ ಗಾತ್ರದ ಮೋಟಾರುಗಳ ಕಿವಿ ಹಿಂಡಿ ಕೆಲಸ ಮಾಡಿಸಿದ ಈ ಉಮಾಶಂಕರನಿಗೆ ಅಂಗೈಯಗಲದ ಒಂದು ಸರ್ಕ್ಯೂಟು ಯಾವ ಲೆಕ್ಕ? ರಿಟೈರ್ ಆದ ಎರಡನೇ ತಿಂಗಳು, ಆಲಸನತ್ತಂ ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ ನಿಂತು ನಾನು ಈ ಪ್ರಶ್ನೆಯನ್ನು ಲೋಕಕ್ಕೆ ಎಸೆದೆ. ಲೋಕದ ಪರವಾಗಿ ಕೇಳಿಸಿಕೊಂಡವಳು ನನ್ನ ಹೆಂಡತಿ ಶಶಿಕಲಾ ಒಬ್ಬಳೇ. ಅವಳೂ ತಲೆಯೆತ್ತದೆ ಬೀನ್ಸ್ ನಾರು ತೆಗೆಯುತ್ತಿದ್ದಳು.

"ಇನ್ಮೇಲೆ ಈ ಮನೇಲಿ ರಾಹುಕಾಲ ನೋಡೋಕೆ ಯಾರೂ ಕ್ಯಾಲೆಂಡರ್ ಹತ್ರ ಹೋಗ್ಬೇಕಾಗಿಲ್ಲ. ಗೋಡೆ ಮೇಲಿನ ದೀಪವೇ ಹೇಳುತ್ತೆ!" ಎಂದೆ.

"ಕ್ಯಾಲೆಂಡರ್ ಅಡುಗೆಮನೆ ಬಾಗಿಲ ಹಿಂದೇನೇ ಇದೆ. ಇಲ್ಲಿಂದ ಆರು ಹೆಜ್ಜೆ," ಎಂದಳು.

ಹೆಜ್ಜೆ ಎಣಿಸುವವರಿಗೆ ವಿಜ್ಞಾನ ಅರ್ಥವಾಗುವುದಿಲ್ಲ ಬಿಡಿ! ದಿನಕ್ಕೊಂದು ಹಾಳೆ ಹರಿಯುವ ಆ ತಮಿಳು ಕ್ಯಾಲೆಂಡರ್ ನಮ್ಮ ಊರ ಕಡೆ ಪ್ರತಿ ಮನೆಯಲ್ಲೂ ತೂಗುತ್ತದೆ. ಮನೆಯವರು ಮಾತಾಡುವುದು ಕನ್ನಡವೋ ತೆಲುಗೋ ಆಗಿರಲಿ, ನಲ್ಲ ನೇರಂ ಎಂಬ ಒಳ್ಳೆಯ ಹೊತ್ತು, ರಾಹುಕಾಲಂ ನೋಡದೆ ಗ್ಯಾಸ್ ಸಿಲಿಂಡರನ್ನೂ ಒಳಗೆ ತರುವುದಿಲ್ಲ. ಅಂಥ ಊರಿಗೆ ನಾನು ಕೊಡಲಿದ್ದ ಕೊಡುಗೆ ಹೀಗಿತ್ತು. ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ದುಂಡಗೆ ಜೋಡಿಸಿದ ಎಲ್‌ಇಡಿಗಳು. ಒಳ್ಳೆಯ ಹೊತ್ತಿದ್ದರೆ ಹಸಿರು, ರಾಹುಕಾಲವಾದರೆ ಕೆಂಪು. ಮಧ್ಯದಲ್ಲಿ ಅಂಕಿಗಳು. ಬಣ್ಣ ಬದಲಾಗಲು ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಅವು ಇಳಿಯುತ್ತಾ ತೋರಿಸಬೇಕು. ಕರೆಂಟು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದಲ್ಲ, ನನ್ನ ಸರ್ಕ್ಯೂಟು ಆ ಮಿಡಿತವನ್ನೇ ಎಣಿಸಿ ಹೊತ್ತು ಹೇಳುತ್ತದೆ.

ಇಷ್ಟೆಲ್ಲ ಯಾಕೆ ಎಂದರೆ, ನಿಜ ಹೇಳಿಬಿಡುತ್ತೇನೆ, ನಮ್ಮಪ್ಪನ ಗಡಿಯಾರದ ಮೇಲಿನ ಹೊಟ್ಟೆಕಿಚ್ಚು.

ಹಳೇ ಹೊಸೂರಿನ ನಮ್ಮ ಬೀದಿಯಲ್ಲಿ ಆಗ ಗೋಡೆ ಗಡಿಯಾರ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕೀಲಿ ಕೊಡುವ, ಲೋಲಕ ತೂಗುವ, ಗಂಟೆಗೊಮ್ಮೆ ಇಡೀ ಬೀದಿಗೆ ಕೇಳುವಂತೆ ಢಣ್ ಎನ್ನುವ ಗಡಿಯಾರ. ಅಪ್ಪ ಶ್ಯಾಮಣ್ಣ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಆದರೆ ಬೀದಿಯ ಪಾಲಿಗೆ ಅವರು ಕಾಲಕ್ಕೇ ಮೇಸ್ತ್ರಿ! "ಶ್ಯಾಮಣ್ಣಾ, ಟೈಮೆಷ್ಟಾಯ್ತು?" ಎಂದು ದಿನಕ್ಕೆ ಮೂವತ್ತು ಸಲ ಕೂಗು ಬರುತ್ತಿತ್ತು. ಹೆರಿಗೆಗೆ ಹೊರಟವರು, ಹೆಣ್ಣು ನೋಡಲು ಹೊರಟವರು, ಕೃಷ್ಣಗಿರಿ ಬಸ್ಸು ಹಿಡಿಯುವವರು ಎಲ್ಲರೂ ನಮ್ಮ ಜಗಲಿ ಮುಟ್ಟಿಯೇ ಮುಂದಕ್ಕೆ ಹೋಗುತ್ತಿದ್ದರು. ಯಾರಾದರೂ ಮುಖ ಬಾಡಿಸಿಕೊಂಡು ಬಂದರೆ ಅಪ್ಪ ಸ್ಟೂಲ್ ಹತ್ತಿ, ಗಡಿಯಾರದ ಗಾಜಿನ ಬಾಗಿಲು ತೆಗೆದು, ಹಳೇ ಪಂಚೆಯ ತುಂಡಿನಿಂದ ಒಳಗೆಲ್ಲ ಒರೆಸಿ, ಆಮೇಲೆ ಗಂಭೀರವಾಗಿ ಟೈಮ್ ಹೇಳುತ್ತಿದ್ದರು. ಗಾಜಿನ ಮೇಲೆ ಒಂದು ಕಣ ಧೂಳಿದ್ದರೂ ಟೈಮ್ ತಪ್ಪು ಓದಿಬಿಟ್ಟೇನು ಎಂಬ ಶ್ರದ್ಧೆ! ಅಂಥ ನಿಖರ ಮನುಷ್ಯ ನಮ್ಮಪ್ಪ. ಸ್ಟೂಲ್ ಅಲ್ಲಾಡದಂತೆ ಹಿಡಿದುಕೊಳ್ಳುವುದು ನನ್ನ ಕೆಲಸ. ಆ ಸ್ಟೂಲಿನ ಕಾಲು ಹಿಡಿದು ನಿಂತಾಗ ಇದ್ದ ಹೆಮ್ಮೆ ನನಗೆ ಆಮೇಲೆ ಯಾವ ಪ್ರಮೋಷನ್‌ನಲ್ಲೂ ಸಿಗಲಿಲ್ಲ.

ಈಗ ಯಾರೂ ಯಾರನ್ನೂ ಟೈಮ್ ಕೇಳುವುದಿಲ್ಲ. ಆ ಗಡಿಯಾರವೂ ನಮ್ಮ ಅಟ್ಟದ ಮೇಲೆ ಬೆಡ್‌ಶೀಟ್ ಸುತ್ತಿಕೊಂಡು ಮಲಗಿದೆ. ನನ್ನ ಮನೆಗೂ ಒಮ್ಮೆ ಯಾರಾದರೂ ಬಂದು, ಗೋಡೆ ನೋಡಿ, ಹೊತ್ತು ಕೇಳಿಕೊಂಡು ಹೋಗಲಿ ಎಂಬ ಆಸೆ ನನಗೆ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಮೂರು ಸಲ ಹೋಗಿ ಬಂದೆ. ಬೆಸುಗೆ ಹಾಕುವಾಗ ಡೈನಿಂಗ್ ಟೇಬಲ್ಲಿಗೆ ಎರಡು ಕಡೆ ಸುಟ್ಟ ಗಾಯ ಮಾಡಿದೆ. ಹದಿನೆಂಟನೇ ದಿನ ಬೋರ್ಡು ಹಾಲ್‌ನ ಗೋಡೆಯೇರಿ ಹಸಿರಾಗಿ ಬೆಳಗಿತು. ಮಗಳು ಮೇಘಶ್ರೀ ಫೋಟೋ ತೆಗೆದಳು. ಶಶಿಕಲಾ ದೃಷ್ಟಿ ತೆಗೆದಳು. ದೃಷ್ಟಿ ಸರಿಯಾಗಿ ತೆಗೆಯಲಿಲ್ಲವೋ ಏನೋ, ಮೂರನೇ ದಿನದಿಂದ ಶುರುವಾಯಿತು ನೋಡಿ ಗ್ರಹಚಾರ!

ಗುರುವಾರದ ರಾಹುಕಾಲ ಮಧ್ಯಾಹ್ನ ಒಂದೂವರೆಗೆ. ನಮ್ಮ ಬೋರ್ಡಿಗೆ ಬೆಳಗ್ಗೆ ಎಂಟೂವರೆಗೇ ಬಂದುಬಿಟ್ಟಿತು! ಸರಿ ಮಾಡಿಟ್ಟೆ. ಶುಕ್ರವಾರ ಬಂಗಾರದಂತೆ ನಡೆಯಿತು. ಶನಿವಾರ ಮತ್ತೆ ಕುದುರೆ ಏರಿತು. ಐಸಿ ಚಿಪ್ ಬದಲಾಯಿಸಿದೆ. ಬೆಸುಗೆಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿದೆ. ಹಲಗೆಯ ಹಿಂದೆ ವಾಸವಿದ್ದ ಹಲ್ಲಿಯನ್ನು ಗಡೀಪಾರು ಮಾಡಿದೆ. ಮಲ್ಟಿಮೀಟರ್ ಹಿಡಿದು, ಡಾಕ್ಟರು ನಾಡಿ ನೋಡುವಂತೆ, ಗಂಟೆಗಟ್ಟಲೆ ಅದರ ಮುಂದೆ ಕೂತೆ. ನಾನು ಕೂತಿದ್ದಷ್ಟು ಹೊತ್ತು ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ!

ಕೊನೆಗೆ ಸಂಶಯ ಪಕ್ಕದ ಮನೆ ಪಾರ್ವತಮ್ಮನವರ ಬೋರ್‌ವೆಲ್ ಮೋಟಾರಿನ ಮೇಲೆ ಹೋಯಿತು. ಹೋಗಿ ಕೇಳಿದೆ.

"ಅಮ್ಮಾ, ನಾಳೆ ಒಂದು ದಿನ ಮೋಟಾರ್ ಹಾಕ್ಬೇಡಿ. ನಮ್ಮನೆ ರಾಹುಕಾಲ ತಪ್ಪೋಗ್ತಾ ಇದೆ."

ಪಾರ್ವತಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶಶಿಕಲಾ ಮನೇಲವ್ಳಾ?" ಎಂದಷ್ಟೇ ಕೇಳಿದರು. ಆದರೂ ಪುಣ್ಯಾತ್ಗಿತ್ತಿ ಒಂದು ದಿನ ಮೋಟಾರ್ ಹಾಕಲಿಲ್ಲ. ಅಂದು ನಮ್ಮ ಬೋರ್ಡು ಬೆಳಗಿನ ತಿಂಡಿ ಹೊತ್ತಿಗೇ ಮೂರು ಗಂಟೆ ಮುಂದೆ ಓಡಿತ್ತು.

"ನಾನೊಂದು ಹೇಳ್ಲಾ?" ಎಂದಳು ಶಶಿಕಲಾ, ದೋಸೆ ಬಡಿಸುತ್ತಾ. "ಉಪ್ಪಿಟ್ಟು ಮಾಡಿದ್ ದಿನ ಅದು ಸರಿಯಾಗೇ ಇರುತ್ತೆ. ದೋಸೆ ಚಟ್ನಿ ಮಾಡಿದ್ ದಿನ ಓಡುತ್ತೆ."

"ಶಶೀ, ಇದು ಎಲೆಕ್ಟ್ರಾನಿಕ್ಸು. ರಾಹುವಿಗೂ ಚಟ್ನಿಗೂ ಏನೇ ಸಂಬಂಧ?"

"ನಂಗೇನ್ ಗೊತ್ತು. ಕಂಡಿದ್ದು ಹೇಳ್ದೆ."

"ಕಂಡಿದ್ದೆಲ್ಲ ವಿಜ್ಞಾನ ಆಗಲ್ಲ!" ಎಂದು ಚಟ್ನಿಗೆ ಕೈ ಹಾಕಿದೆ. ಈ ಮಾತನ್ನು ಹೇಳಿದ ನಾಲಿಗೆಯನ್ನು ಈಗ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಇಷ್ಟರಲ್ಲಿ ಮನೆಯಲ್ಲೊಂದು ಶುಭಕಾರ್ಯ ಕೂಡಿಬಂತು. ಮೇಘಶ್ರೀ ಕೆಲಸ ಮಾಡುವ ಕಾರ್ಖಾನೆಯಲ್ಲೇ ಇದ್ದ ನಂದೀಶ್ ಎಂಬ ಹುಡುಗನನ್ನು ಅವಳು ಮೆಚ್ಚಿದ್ದಳು. ವಿಚಾರಿಸಿದರೆ ಅವನು ಕೆಲಮಂಗಲದ ನಾರಾಯಣಮ್ಮನವರ ಮೊಮ್ಮಗ! ನಾರಾಯಣಮ್ಮ ಯಾರು? ನಮ್ಮ ಹಳೇ ಬೀದಿಯಲ್ಲಿ ಎದುರು ಮನೆಯ ಹೆಣ್ಣುಮಗಳು. ನನಗೆ ಎಂಟು ವರ್ಷವಿದ್ದಾಗ ಮದುವೆಯಾಗಿ ಕೆಲಮಂಗಲಕ್ಕೆ ಹೋದವರು. ನಾನು ಓಡೋಡಿ ಕೆಲಮಂಗಲಕ್ಕೆ ಹೋದೆ. ಹೋದವನು ಹುಡುಗಿಯ ಅಪ್ಪನಂತೆ ಸುಮ್ಮನೆ ಕೂರಬೇಕೋ ಬೇಡವೋ? ಅವರ ಹಜಾರದಲ್ಲಿ ಕೂತು ನನ್ನ ಬೋರ್ಡಿನ ಮಹಿಮೆ ಕೊಚ್ಚಿದೆ.

"ಶಿವಕಾಶಿಯಲ್ಲಿ ಪಟಾಕಿ ಜೊತೆ ತಯಾರಾಗೋ ಕ್ಯಾಲೆಂಡರನ್ನ ಹೇಗೆ ನಂಬೋದು? ಫೋನಂತೂ ಟವರಿಂದ ಟೈಮ್ ಎತ್ಕೊಳ್ಳುತ್ತೆ. ಜೂಜುವಾಡಿ ಟವರೋ ಗಡಿಯಾಚೆಯ ಅತ್ತಿಬೆಲೆ ಟವರೋ ಯಾರಿಗ್ಗೊತ್ತು? ನಮ್ಮನೆ ಬೋರ್ಡಿಗೆ ಮೋಸ ಅನ್ನೋದೇ ಗೊತ್ತಿಲ್ಲ!" ಎಂದೆ. ನಂದೀಶನ ಅಪ್ಪ ಮಾದೇಶ್ ತಲೆದೂಗಿದರು. ಮಾದೇಶರ ತಂಗಿ ಉಷಾರಾಣಿ ಮಾತ್ರ ಮಾತಾಡದೆ ಎಲ್ಲವನ್ನೂ ಗಂಟು ಕಟ್ಟಿಟ್ಟುಕೊಂಡರು. ಆಕೆಗೂ ಮದುವೆಗೆ ಬಂದ ಮಗಳಿದ್ದಾಳೆ, ಅಣ್ಣನ ಮನೆಗೇ ಸೊಸೆಯಾಗಿ ಹೋಗಲಿ ಎಂದು ಬಹಳ ದಿನದಿಂದ ಕಾಯುತ್ತಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಮನೆಗೆ ಬಂದ ಮೇಲೆ.

ಭಾನುವಾರ ಮೂರಕ್ಕೂ ನಾಲ್ಕೂವರೆಗೂ ನಡುವೆ ನಮ್ಮ ಮನೆಯಲ್ಲಿ ಒಪ್ಪಿಗೆ ತಾಂಬೂಲ ಎಂದು ನಿಶ್ಚಯವಾಯಿತು. ನಾಲ್ಕೂವರೆಗೆ ರಾಹುಕಾಲ. ಅದು ತಪ್ಪಿದರೆ? ಮೂರೇ ದಿನದಲ್ಲಿ ಆಷಾಢ ಬಂದು ಕೂರುತ್ತದೆ. ಗಡಿನಾಡಿನ ನಮ್ಮ ಕಷ್ಟ ಬೇರೆಯವರಿಗೆ ತಿಳಿಯದು. ಕನ್ನಡದ ಆಷಾಢ ಮುಗಿಯುವ ಮೊದಲೇ ತಮಿಳರ ಆಡಿ ಮಾಸ ಶುರುವಾಗಿರುತ್ತದೆ. ಎರಡಕ್ಕೂ ಹೆದರುವವರು ನಾವು! ಹತ್ತಿರ ಹತ್ತಿರ ಎರಡು ತಿಂಗಳು ಯಾವ ಮಾತೂ ಆಡುವಂತಿಲ್ಲ. ಅಷ್ಟರಲ್ಲಿ ಉಷಾರಾಣಿ ಅಣ್ಣನ ಮನಸ್ಸು ತಿರುಗಿಸಿಬಿಟ್ಟರೆ ನನ್ನ ಮಗಳ ಗತಿ? ಶನಿವಾರದಿಂದಲೇ ಮೇಘಶ್ರೀಗೆ ಊಟ ಸೇರುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಮಸಾಲೆ ವಡೆಗೆ ರುಬ್ಬುವ ಹೊತ್ತಿಗೆ ಬೋರ್ಡು ಎಂದಿನಂತೆ ಮುಂದೋಡಿ ಮೆರೆಯಿತು. ಎರಡು ಗಂಟೆಗೆ ಅದರ ಹೊತ್ತನ್ನು ಸರಿಯಾಗಿ ಕೂರಿಸಿ, "ಅಪ್ಪಾ ತಂದೆ, ಇವತ್ತೊಂದಿನ ಮರ್ಯಾದೆ ಉಳಿಸು," ಎಂದು ಅದಕ್ಕೆ ಕೈ ಮುಗಿದೆ.

ಮೂರಕ್ಕೆ ಬೀಗರಾಗುವವರು ಬಂದರು. ಹಸಿರು ದೀಪ ನೋಡಿ ಹಿಗ್ಗಿದರು. ನಾರಾಯಣಮ್ಮ ಸೋಫಾದಲ್ಲಿ ಕಾಲು ಮಡಚಿ ಕೂತು ಎಲೆಅಡಿಕೆ ಹಾಕಿಕೊಂಡರು. ವಡೆ ಬಂತು. ಮಾದೇಶ್ ಚಟ್ನಿಯನ್ನು ಮೆಚ್ಚಿದರು. ಎಷ್ಟು ಮೆಚ್ಚಿದರೆಂದರೆ ಬಟ್ಟಲು ಖಾಲಿಯಾಯಿತು! "ಇನ್ನೊಂಚೂರು ಸಿಗ್ತದಾ?" ಎಂದರು. ಮೇಘಶ್ರೀ ಭಾವಿ ಮಾವನ ಮಾತಿಗೆ ಪುಳಕಗೊಂಡು ತಾನೇ ಅಡುಗೆಮನೆಗೆ ಓಡಿದಳು. ಗುರ್ರ್ರ್ ಎಂದು ಮಿಕ್ಸಿ ಸದ್ದಾಯಿತು. ಇತ್ತ ಮಾದೇಶ್ ತಾಂಬೂಲದ ತಟ್ಟೆಗೆ ಕೈ ಹಾಕಿದರು. ತಟ್ಟೆ ನೆಲ ಬಿಟ್ಟು ಒಂದಡಿ ಮೇಲೆದ್ದಿತ್ತು. ಆಗ ಇಡೀ ಹಾಲ್ ಕೆಂಪಾಯಿತು!

"ಅಣ್ಣಾ, ಇಳ್ಸು ಕೆಳಕ್ಕೆ!" ಎಂದು ಉಷಾರಾಣಿ ಚೀರಿದರು.

ತಟ್ಟೆ ಕೆಳಗಿಳಿಯಿತು. ನಾನು ಫೋನ್ ತೆಗೆದು ತೋರಿಸಿದೆ. "ಇಲ್ನೋಡಿ, ಮೂರು ನಲವತ್ತು. ಇನ್ನೂ ಐವತ್ತು ನಿಮಿಷ ಇದೆ."

"ಫೋನು ಟವರಿಂದ ಟೈಮ್ ಎತ್ಕೋತದೆ ಅಂದೋರು ನೀವೇ ಅಲ್ವಾ?" ಎಂದರು ಉಷಾರಾಣಿ.

"ಕ್ಯಾಲೆಂಡರ್ ಇದೆ, ತರ್ತೀನಿ..."

"ಪಟಾಕಿ ಜೊತೆ ಮಾಡಿದ್ದಾ?"

"ಬೋರ್ಡೇ ಕೆಟ್ಟಿರ್ಬೋದು!"

"ಅದ್ಕೆ ಮೋಸಾನೇ ಗೊತ್ತಿಲ್ಲ ಅಂದ್ರಿ. ಇರ್ಲಿ, ಕೆಟ್ಟಿದೆ ಅಂತ್ಲೇ ಇಟ್ಕೊಳಾಣ. ತಟ್ಟೆ ಎತ್ತೋ ಹೊತ್ಗೇ ಕೆಂಪು ಕಣ್ಣಿಗೆ ಬಿತ್ತಲ್ಲಾ, ಅದ್ಕೇನ್ ಹೇಳ್ತೀರಾ? ಅಣ್ಣಾ, ಆಡಿ ಕಳೀಲಿ. ಆಮೇಲೆ ನೋಡಾಣ."

ನನ್ನ ಮಾತುಗಳೇ ಒಂದೊಂದಾಗಿ ನನ್ನ ತಲೆಗೆ ಬಂದು ಬಡಿದವು. ಮಾದೇಶ್ ನೆಲ ನೋಡುತ್ತಿದ್ದರು. ನಂದೀಶ್ ಕಿಟಕಿ ನೋಡುತ್ತಿದ್ದ. ಚಟ್ನಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ ಮೇಘಶ್ರೀಯ ಕಣ್ಣು ತುಂಬಿತ್ತು. ನಾರಾಯಣಮ್ಮನವರಾದರೂ ಏನಾದರೂ ಹೇಳಬಾರದೇ? ಅವರು ಎಲೆ ಜಗಿಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಬೋರ್ಡಿನ ಮೇಲೆ ಎಂಬತ್ತೆಂಟು ಎಂಬ ಅಂಕಿ ಉರಿಯುತ್ತಿತ್ತು. ಅಂದರೆ ಹಸಿರಾಗಲು ಇನ್ನೂ ಎಂಬತ್ತೆಂಟು ನಿಮಿಷ!

ಸ್ಕ್ರೂ ಡ್ರೈವರ್ ತಂದೆ. ಮೂವತ್ತೊಂದು ವರ್ಷದ ಅನುಭವವನ್ನು ಅದರ ತುದಿಗೆ ತಂದುಕೊಂಡು ಹಲಗೆಯ ಹಿಂಭಾಗ ಬಿಚ್ಚಿದೆ. ಮೇಲಿನ ವೈರ್ ಅಲ್ಲಾಡಿಸಿದೆ. ಎಂಬತ್ತೆಂಟು. ಕೆಳಗಿನದು ಅಲ್ಲಾಡಿಸಿದೆ. ಎಂಬತ್ತೇಳು. ಆಗಲೇ ಒಂದು ಸ್ಕ್ರೂ ಕೈಜಾರಿ ಸೋಫಾ ಕೆಳಗೆ ಹೋಯಿತು. ಬೀಗರ ಮುಂದೆ ಮಂಡಿಯೂರಿ ಸೋಫಾ ಕೆಳಗೆ ತಲೆ ಹಾಕಿದ ನನ್ನ ಭಂಗಿಯನ್ನು ನೀವೇ ಊಹಿಸಿಕೊಳ್ಳಿ!

ಶಶಿಕಲಾ ಅಡುಗೆಮನೆ ಬಾಗಿಲಿಗೆ ಬಂದಳು. ಬೋರ್ಡು ನೋಡಿದಳು. ಮಗಳನ್ನು ನೋಡಿದಳು. ಸೋಫಾದಿಂದಾಚೆಗೆ ಉಳಿದಿದ್ದ ನನ್ನ ಭಾಗವನ್ನೂ ನೋಡಿದಳು. ಒಳಗೆ ಹೋದಳು.

ಗುರ್ರ್ರ್ರ್ರ್!

ನಾನು ತಲೆ ಹೊರಗೆ ತೆಗೆದಾಗ ಬೋರ್ಡಿನ ಮೇಲೆ ಎಪ್ಪತ್ತು. ನೋಡುತ್ತಿದ್ದಂತೆ ಐವತ್ತೆರಡು. ಮೂವತ್ತೊಂದು. ಮಿಕ್ಸಿ ನಿಂತರೆ ಅಂಕಿಯೂ ನಿಲ್ಲುತ್ತದೆ, ಮಿಕ್ಸಿ ಗುಡುಗಿದರೆ ಅಂಕಿ ಬಿದ್ದಂಬೀಳ ಓಡುತ್ತದೆ! ಮಿಕ್ಸಿಯ ಮೋಟಾರು ಲೈನ್‌ಗೆಲ್ಲ ಗಲಾಟೆ ಕಳಿಸುತ್ತದೆ. ನನ್ನ ಸರ್ಕ್ಯೂಟು ಆ ಗಲಾಟೆಯನ್ನೂ ಕರೆಂಟಿನ ಮಿಡಿತವೆಂದು ಎಣಿಸಿಕೊಳ್ಳುತ್ತದೆ. ಅದನ್ನು ತಡೆಯಲು ಒಂದು ಕಡಲೆಕಾಳಿನಷ್ಟು ಕೆಪಾಸಿಟರ್ ಸಾಕಿತ್ತು. ಕಾರ್ಖಾನೆಯಲ್ಲಿ ಅದನ್ನು ಹಾಕದ ಹುಡುಗರಿಗೆ ನಾನೇ ಬೈದು ಮೆಮೋ ಕೊಡಿಸಿದ್ದೇನೆ!

ಹದಿನಾಲ್ಕು. ಆರು. ಎರಡು. ಹಸಿರು!

"ಇದೇನಿದು, ರಾಹುಕಾಲ ಇಷ್ಟ್ ಬೇಗ ಮುಗ್ದೋಯ್ತಾ?" ಎಂದು ಉಷಾರಾಣಿ ಬಾಯಿ ತೆರೆದರು.

ನಂದೀಶ್ ಕಿಟಕಿ ಬಿಟ್ಟು ಇತ್ತ ತಿರುಗಿ, "ಅತ್ತೆ, ಅಂಕಲ್ ಈಗ ಬಿಚ್ಚಿ ರಿಪೇರಿ ಮಾಡಿದ್ರಲ್ಲ, ಅದು ಸರಿಯಾಯ್ತು," ಎಂದ. ಹುಡುಗ ಚುರುಕಾಗಿದ್ದಾನೆ!

ಆಗ ನಾರಾಯಣಮ್ಮ ಮೊದಲ ಸಲ ಬಾಯಿ ಬಿಟ್ಟರು. "ಉಷಾ, ಕೆಂಪು ಬಿದ್ದಾಗ ನೀನ್ ಹೇಳ್ದಂಗೇ ತಟ್ಟೆ ಇಳ್ಸಿದ್ವಿ. ಈಗ ಹಸ್ರು ಬಂದದೆ. ಮಾದೇಶ, ಎತ್ಲಾ ತಟ್ಟೆ!"

ತಟ್ಟೆ ಎದ್ದಿತು. ಒಳಗೆ ಮಿಕ್ಸಿ ಮಾತ್ರ ಇನ್ನೂ ಗುಡುಗುತ್ತಲೇ ಇತ್ತು. ನಾನು ಅಡುಗೆಮನೆಗೆ ಹಾರಿದೆ.

"ನಿಲ್ಸೇ ಮಾರಾಯ್ತಿ! ಇನ್ನು ಎರಡು ಸುತ್ತು ತಿರುಗಿಸಿದ್ರೆ ಸೋಮವಾರದ ರಾಹುಕಾಲ ಬಂದ್ಬಿಡುತ್ತೆ!"

ಶಶಿಕಲಾ ಮಿಕ್ಸಿ ಆರಿಸಿ, ಬಾಗಿಲ ಹಿಂದಿನ ಕ್ಯಾಲೆಂಡರ್ ಹಾಳೆಯನ್ನು ನನಗೆ ತೋರಿಸಿದಳು. "ನಾಲ್ಕು ಗಂಟೆ ಆಗಿದೆ. ನಿಜವಾದ್ ರಾಹುಕಾಲಕ್ಕೆ ಇನ್ನೂ ಅರ್ಧ ಗಂಟೆ. ಹೋಗಿ, ತಾಂಬೂಲ ತಗೊಳ್ಳಿ. ಮೊದ್ಲು ಮಂಡಿ ಮೇಲಿನ ಧೂಳು ಒರೆಸ್ಕೊಳ್ಳಿ."

ನಾಲ್ಕು ಐದಕ್ಕೆ ತಾಂಬೂಲ ಬದಲಾಯಿತು. ಮೇಘಶ್ರೀ ಎಲ್ಲರ ಕಾಲಿಗೂ ನಮಸ್ಕಾರ ಮಾಡುತ್ತಾ ಬಂದವಳು, ಅಮ್ಮನ ಹತ್ತಿರ ಬಂದು ಬಗ್ಗುವ ಬದಲು ಅವಳ ಕೊರಳು ತಬ್ಬಿ ಅತ್ತಳು. ನಾನೂ ಕಣ್ಣೊರೆಸಿಕೊಂಡೆ. ಹೊಗೆಗೆ ಎಂದು ಸಬೂಬು ಹೇಳೋಣವೆಂದರೆ ಒಲೆ ಆರಿತ್ತು.

ರಾಹುಕಾಲಕ್ಕೆ ಮೊದಲೇ ಹೊರಡಬೇಕೆಂದು ಎಲ್ಲರೂ ಕಾರಿನತ್ತ ನಡೆದರು. ನಾರಾಯಣಮ್ಮ ಗೇಟಿನ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದರು. ಅಲ್ಲಿಯವರೆಗೆ "ಬೀಗರೇ" ಎನ್ನುತ್ತಿದ್ದವರು ಒಮ್ಮೆಗೇ ಐವತ್ತೆರಡು ವರ್ಷ ಹಿಂದಕ್ಕೆ ಹೋಗಿಬಿಟ್ಟರು.

"ಏನ್ಲಾ ಶಂಕ್ರ, ಜಾರಲ್ಲಿ ಏನೂ ಇಲ್ದಲೇ ತಿರುಗೋ ಮಿಕ್ಸಿ ಸದ್ದು ನಂಗೆ ಗೊತ್ತಾಗಲ್ವೇನ್ಲಾ?"

ನಾನು ಗೇಟಿನ ಚಿಲಕ ಹಿಡಿದುಕೊಂಡೆ.

"ನನ್ ತಾಂಬೂಲ ನಿಮ್ಮನೆ ಜಗಲಿ ಮ್ಯಾಲೇ ಆಗಿದ್ದು ಕಣ್ಲಾ. ಕೆಲಮಂಗಲದ ಬಸ್ಸು ಕೆಟ್ಟೋಗಿ ಗಂಡಿನ ಕಡೆಯೋರು ಬರೋ ಹೊತ್ಗೆ ರಾಹುಕಾಲ ಬಂದಿತ್ತು. ಅವ್ರ ದೊಡ್ಡಪ್ಪ ವಾಪಸ್ ಹೋಯ್ತೀವಿ ಅಂತ ಎದ್ದೇ ಬುಟ್ಟಿದ್ದ. ನಿಮ್ಮಪ್ಪ ಏನ್ ಮಾಡ್ದ ಹೇಳು?"

"ಏನ್ ಮಾಡಿದ್ರು?"

"ಸ್ಟೂಲ್ ಹತ್ತಿ ಗಾಜು ಒರೆಸ್ದ. ಒರೆಸಿ ಇಳ್ಯೋ ಹೊತ್ಗೆ ಗಡಿಯಾರದಾಗೆ ಟೈಮು ಇಪ್ಪತ್ ನಿಮಿಷ ಹಿಂದಕ್ಕೋಗಿತ್ತು. ನಾನು ಕಂಬದ್ ಮರೇಲಿ ನಿಂತು ಕಂಡೆ. ನೀನು ಸ್ಟೂಲ್ ಹಿಡ್ಕಂಡು ನಿಂತಿದ್ದೆ. ಐವತ್ತೆರಡ್ ವರ್ಸ ಸಂಸಾರ ಮಾಡಿದೀನಿ, ಯಾವ ರಾಹೂನೂ ನನ್ ತಂಟೆಗೆ ಬರ್ಲಿಲ್ಲ."

ಆ ಗಾಜಿನ ಬಾಗಿಲು, ಆ ಪಂಚೆ ತುಂಡು, ಬಾಡಿದ ಮುಖಗಳು ಬಂದಾಗಲೆಲ್ಲ ಅಪ್ಪ ಒರೆಸುತ್ತಿದ್ದ ಆ ಧೂಳು! ನಿಖರತೆ ಎಂದು ನಾನು ಇಷ್ಟು ವರ್ಷ ಪೂಜಿಸಿದ್ದು ಇದನ್ನೇ. ಕೈಯಾರೆ ಸ್ಟೂಲ್ ಹಿಡಿದು ನಿಂತರೂ ನನಗೊಂದು ಸಲವೂ ಮೇಲೆ ನೋಡಬೇಕೆನಿಸಲಿಲ್ಲವಲ್ಲ. ಅಪ್ಪ ಎದುರಿಗಿದ್ದಿದ್ದರೆ ಅಂದು ಅವರ ಕಾಲಿಗೆ ಬೀಳುತ್ತಿದ್ದೆ.

"ಕೆಂಪು ಬಿದ್ದಾಗ, ಶ್ಯಾಮಣ್ಣನ ಮಗ ಏನ್ ಮಾಡ್ತಾನೆ ನೋಡಾಣ ಅಂತ ಸುಮ್ಕೆ ಕುಂತೆ," ಎಂದರು ನಾರಾಯಣಮ್ಮ. "ನಿಮ್ಮಪ್ಪ ಮುಳ್ಳು ತಿರುಗಿಸ್ದ. ನಿನ್ ಹೆಂಡ್ತಿ ಮಿಕ್ಸಿ ತಿರುಗಿಸಿದ್ಲು. ನೀನು ಸೋಫಾ ಕೆಳಕ್ಕೆ ತಲೆ ಹಾಕ್ಕಂಡು ಏನ್ಲಾ ಹುಡುಕ್ತಿದ್ದೆ?"

"ಸ್ಕ್ರೂ," ಎಂದೆ. ಅದೂ ಸಿಕ್ಕಿರಲಿಲ್ಲ.

ಕಾರು ಹೊರಟ ಮೇಲೆ ಅಟ್ಟ ಹತ್ತಿ ಅಪ್ಪನ ಗಡಿಯಾರ ಇಳಿಸಿದೆ. ಬೆಡ್‌ಶೀಟ್ ಬಿಚ್ಚಿ, ಗಾಜಿನ ಬಾಗಿಲು ತೆಗೆದು, ಒಳಗೆಲ್ಲ ಒರೆಸಿದೆ. ಗಂಟೆಯ ಮುಳ್ಳು ತಣ್ಣಗೆ ತನ್ನ ಪಾಡಿಗಿತ್ತು. ನಿಮಿಷದ ಮುಳ್ಳಿನ ತುದಿ ಮಾತ್ರ, ಬೆರಳು ತಾಗಿ ತಾಗಿ, ಕಪ್ಪು ಬಣ್ಣವೆಲ್ಲ ಹೋಗಿ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಎಷ್ಟು ಹೆಣ್ಣುಮಕ್ಕಳ ತಾಂಬೂಲವೋ, ಎಷ್ಟು ಬಸ್ಸುಗಳೋ! ಅದರ ಮೇಲೆ ನನ್ನ ಬೆರಳಿಟ್ಟು ಕೂತು, ನಾರಾಯಣಮ್ಮ ಹೇಳಿದ್ದನ್ನೆಲ್ಲ ಶಶಿಕಲಾಗೆ ಹೇಳಿದೆ.

ಆಮೇಲೆ ಎದ್ದು, ಮಾನ ಮುಚ್ಚಿಕೊಳ್ಳಲು ಪೆಟ್ಟಿಗೆಯಿಂದ ಕಡಲೆಕಾಳಿನಷ್ಟು ಕೆಪಾಸಿಟರ್ ಹುಡುಕಿ ತೆಗೆದು, ಸೋಲ್ಡರಿಂಗ್ ಕಡ್ಡಿ ಬಿಸಿಗಿಟ್ಟೆ. "ಶಶೀ, ಕಾಯಿಲೆ ಸಿಕ್ಕಿತು! ಹತ್ತೇ ನಿಮಿಷ. ಇನ್ಮೇಲೆ ನೀನು ಎಷ್ಟು ಚಟ್ನಿ ರುಬ್ಬಿದ್ರೂ ಬೋರ್ಡು ಒಂದು ಸೆಕೆಂಡ್ ಜಗ್ಗಲ್ಲ!"

ಶಶಿಕಲಾ ಬಂದು ಕಡ್ಡಿಯ ಪ್ಲಗ್ ಕಿತ್ತಿಟ್ಟಳು.

"ಮುಟ್ಬೇಡಿ ಅದನ್ನ. ಹಾಗೇ ಇರ್ಲಿ. ಮದುವೆ ಛತ್ರಕ್ಕೂ ತಗೊಂಡ್ ಹೋಗ್ಬೇಕು. ಉಷಾರಾಣಿ ಅಲ್ಲಿಗೂ ಬರ್ತಾರೆ."

"ಛತ್ರಕ್ಕಾ? ಅಲ್ಲಿ ನಾನೇನ್ ಮಾಡ್ಲಿ?"

"ಮಿಕ್ಸಿ ನಾನು ನೋಡ್ಕೋತೀನಿ. ನೀವು ಸ್ಟೂಲ್ ಹಿಡ್ಕೊಳ್ಳಿ. ಅದು ನಿಮಗೆ ಅಭ್ಯಾಸ ಇದೆ."